ಹಿಮಖಂಡದಲ್ಲಿ ಖಾನ್ ಸಾಹೇಬ್: ಧ್ರುವ ಯಾತ್ರೆಗಳು ನಮಗೆ ಉಳಿಸಿಹೋದದ್ದೇನು?



ಲಾಲ್ ಖಾನ್, ಗುಲಾಬ್, ಬೇಗಂ, ರಾಣಿ, ಅಬ್ದುಲ್ಲಾ, ಪ್ಯಾರಿ, ಖಾನ್ ಸಾಹೇಬ್. ಈ ಏಳು ಹೆಸರುಗಳನ್ನು ಓದಿದಾಗ ನಿಮಗೆ ಏನನ್ನಿಸುತ್ತದೆ? ಚಿಂತಾಮಣಿಯದೋ ಶಿಡ್ಲಘಟ್ಟದ್ದೋ ಯಾವುದೋ ಮೊಹಲ್ಲಾದ ಮದುವೆ ಮನೆಯ ಪಟ್ಟಿ ಇರಬೇಕು ಎನ್ನಿಸಬಹುದು. ಆದರೆ ಈ ಹೆಸರುಗಳನ್ನು 1912ರಲ್ಲಿ ಕೂಗಿ ಕರೆದದ್ದು ಭೂಮಿಯ ದಕ್ಷಿಣ ತುದಿಯ ಹಿಮಖಂಡವಾದ ಅಂಟಾರ್ಕ್ಟಿಕಾದಲ್ಲಿ. ಇವು ಮನುಷ್ಯರ ಹೆಸರುಗಳೂ ಅಲ್ಲ, ಹೇಸರಗತ್ತೆಗಳ ಹೆಸರುಗಳು. ನಮ್ಮ ಮನೆಗಳಲ್ಲಿ ‘ಖಚ್ಚರ್’ ಎನ್ನುತ್ತೇವಲ್ಲ, ಅವೇ. ಹಿಮಾಲಯದ ತಪ್ಪಲಲ್ಲಿ ತರಬೇತಿ ಪಡೆದ ಈ ಏಳು ಪ್ರಾಣಿಗಳು ಬ್ರಿಟಿಷ್ ನಾವಿಕ ಕ್ಯಾಪ್ಟನ್ ಸ್ಕಾಟ್‌ನ ತಂಡಕ್ಕಾಗಿ ಹಡಗು ಹತ್ತಿ ಹೋದವು. ಅವು ಅಲ್ಲಿ ಏನು ಕೆಲಸ ಮಾಡಿದವು ಎಂಬುದನ್ನು ಮುಂದೆ ಹೇಳುತ್ತೇನೆ.

ಧ್ರುವ ಯಾತ್ರೆ ಎಂದರೆ ಯುರೋಪಿನವರ ಸಾಹಸದ ಕಥೆ, ನಮಗೇನು ಸಂಬಂಧ ಎಂದು ನಾವು ಪಾಠದ ಪುಟ ಮಗುಚಿಬಿಡುತ್ತೇವೆ. ಮಳೆ ಬಂದರೆ ಕೆರೆ, ಇಲ್ಲದಿದ್ದರೆ ಬರ ಎನ್ನುವ ನಮ್ಮ ಸೀಮೆಗೂ ಆ ಹಿಮಕ್ಕೂ ಏನು ನಂಟು? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ಹೋಗುವುದಕ್ಕೆ ಮೊದಲೇ ತಿಳಿದಿತ್ತು

ಧ್ರುವದಲ್ಲಿ ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ ಎಂಬುದನ್ನು ಯಾರೂ ಅಲ್ಲಿಗೆ ಹೋಗಿ ನೋಡುವ ಮೊದಲೇ ಲೆಕ್ಕದಿಂದ ಕಂಡುಕೊಂಡಿದ್ದರು. ಮೇರುವಿನಲ್ಲಿರುವ ದೇವತೆಗಳಿಗೆ ಉತ್ತರಾಯಣ ಹಗಲು, ದಕ್ಷಿಣಾಯನ ರಾತ್ರಿ ಎಂದು ನಮ್ಮ ನಾಡಿನ ಜ್ಯೋತಿಷ ಶಾಸ್ತ್ರಜ್ಞರು ಹೇಳುತ್ತಿದ್ದರು. ಸುಮಾರು 1030ರಲ್ಲಿ ಭಾರತದ ಬಗ್ಗೆ ದೊಡ್ಡ ಗ್ರಂಥ ಬರೆದ ಅಲ್‌ಬಿರೂನಿ ಈ ವಿಚಾರವನ್ನು ಸಂಸ್ಕೃತ ಪಂಡಿತರಿಂದ ಕೇಳಿ, ಪರಿಶೀಲಿಸಿ, ಅರಬ್ಬಿಯಲ್ಲಿ ದಾಖಲಿಸಿದ.

ಅವನಿಗೂ ಒಂದು ಶತಮಾನ ಮೊದಲು, 921ರಲ್ಲಿ, ಬಾಗ್ದಾದಿನ ಖಲೀಫರ ದೂತರ ಜೊತೆ ಇಬ್ನ್ ಫದ್ಲಾನ್ ಎಂಬವನು ವೋಲ್ಗಾ ನದಿಯ ದಡದ ಬಲ್ಗಾರ್ ರಾಜ್ಯಕ್ಕೆ ಹೊರಟ. ಅದು ಧ್ರುವ ಪ್ರದೇಶವಲ್ಲ, ಆದರೆ ಅದರ ಹೆಬ್ಬಾಗಿಲು ಎನ್ನಬಹುದು. ಅಲ್ಲಿ ಒಂದು ಸಂಜೆ ಬಾಗ್ದಾದಿನಿಂದ ಬಂದು ನೆಲೆಸಿದ್ದ ದರ್ಜಿಯೊಬ್ಬನ ಜೊತೆ ಗುಡಾರದಲ್ಲಿ ಮಾತಾಡುತ್ತಾ ಕೂತು ಇಷಾ ನಮಾಜಿನ ಅಜಾನ್‌ಗಾಗಿ ಕಾಯುತ್ತಿದ್ದನಂತೆ. ಸ್ವಲ್ಪ ಹೊತ್ತಿಗೇ ಅಜಾನ್ ಕೇಳಿಸಿತು. ಹೊರಗೆ ಬಂದು ನೋಡಿದರೆ ಬೆಳಗಾಗುತ್ತಿದೆ! ಅದು ಫಜರ್‌ನ ಅಜಾನ್. ಇಲ್ಲಿ ಬೇಸಿಗೆಯ ರಾತ್ರಿ ಇಷ್ಟೇ, ಮಲಗಿದರೆ ಬೆಳಗಿನ ನಮಾಜು ತಪ್ಪೀತೆಂದು ತಿಂಗಳಿಂದ ನಿದ್ದೆ ಮಾಡಿಲ್ಲ ಎಂದು ಅಜಾನ್ ಕೂಗುವವನು ಹೇಳಿದನೆಂದು ಅವನು ಬರೆದಿಟ್ಟಿದ್ದಾನೆ. ಉತ್ತರದ ಬೇಸಿಗೆಯ ರಾತ್ರಿಯ ಬಗ್ಗೆ ಇಷ್ಟು ಮನೆಮಾತಿನಂಥ ವರ್ಣನೆ ಅಪರೂಪ.

ಹದಿನಾಲ್ಕನೇ ಶತಮಾನದ ಯಾತ್ರಿಕ ಇಬ್ನ್ ಬತೂತಾ ಬಲ್ಗಾರಿನಿಂದ ನಲವತ್ತು ದಿನಗಳ ದಾರಿಯಾಚೆಗಿನ ‘ಕತ್ತಲ ನಾಡಿ’ನ ಬಗ್ಗೆ ಹೇಳುತ್ತಾನೆ. ಅಲ್ಲಿ ನಾಯಿಗಳು ಎಳೆಯುವ ಜಾರುಬಂಡಿಯೇ ವಾಹನ. ದಾರಿ ಬಲ್ಲ ಮುಂದಾಳು ನಾಯಿಗೆ ಸಾವಿರ ದೀನಾರ್ ಬೆಲೆ! ತಾನು ಮಾತ್ರ ಅಲ್ಲಿಗೆ ಹೋಗುವ ಯೋಚನೆ ಕೈಬಿಟ್ಟೆ ಎಂದೂ ಬರೆಯುತ್ತಾನೆ. ಅವನು ಬಲ್ಗಾರಿಗಾದರೂ ಹೋಗಿದ್ದನೇ ಎಂದು ಇಂದಿನ ವಿದ್ವಾಂಸರು ಅನುಮಾನಿಸುತ್ತಾರೆ. ಆದರೂ ಹಿಮದ ನಾಡಿನಲ್ಲಿ ಕುದುರೆಗಿಂತ ನಾಯಿ ಮೇಲು ಎಂಬ ಸುದ್ದಿ ಅವನ ಪುಸ್ತಕದಲ್ಲಿದೆ. ಆರು ಶತಮಾನಗಳ ನಂತರ ಸ್ಕಾಟ್ ಈ ಪಾಠವನ್ನು ಪ್ರಾಣ ತೆತ್ತು ಕಲಿಯಬೇಕಾಯಿತು.

ಹದಿನೈದು ದಿನ ಮೊದಲೇ ಬಂದ ಸೂರ್ಯ

ಯುರೋಪಿನ ವ್ಯಾಪಾರಿಗಳಿಗೆ ಉತ್ತರದ ಹಿಮ ಬೇಕಾದದ್ದು ಹಿಮಕ್ಕಾಗಿ ಅಲ್ಲ. ನಮ್ಮ ಕಡೆಯ ಮೆಣಸು, ಲವಂಗಕ್ಕಾಗಿ. ಆಫ್ರಿಕಾ ಸುತ್ತಿ ಬರುವ ದಾರಿ ಪೋರ್ಚುಗೀಸರ ಹಿಡಿತದಲ್ಲಿತ್ತು. ಆದ್ದರಿಂದ ಡಚ್ಚರು ರಷ್ಯಾದ ಉತ್ತರದ ಸಮುದ್ರದಿಂದ ಏಷ್ಯಾಕ್ಕೆ ದಾರಿ ಹುಡುಕಿದರು. 1596ರಲ್ಲಿ ವಿಲೆಮ್ ಬ್ಯಾರೆಂಟ್ಸ್‌ನ ಹಡಗು ನೊವಾಯಾ ಜೆಮ್ಲ್ಯಾ ಎಂಬ ದ್ವೀಪದ ಬಳಿ ಮಂಜುಗಡ್ಡೆಯಲ್ಲಿ ಸಿಕ್ಕಿಹಾಕಿಕೊಂಡಿತು. ಹದಿನೇಳು ಜನ ತೇಲಿಬಂದ ಮರ ಮತ್ತು ಹಡಗಿನ ಹಲಗೆಗಳಿಂದ ಗುಡಿಸಲು ಕಟ್ಟಿ ಚಳಿಗಾಲ ಕಳೆದರು. ಬ್ಯಾರೆಂಟ್ಸ್ ವಾಪಸಾಗುವ ದಾರಿಯಲ್ಲಿ 1597ರ ಜೂನ್‌ನಲ್ಲಿ ತೀರಿಕೊಂಡ. ಹನ್ನೆರಡು ಮಂದಿ ಮಾತ್ರ ಊರು ಸೇರಿದರು.

ಅವರಲ್ಲಿ ಗೆರಿಟ್ ಡಿ ವೀರ್ ಎಂಬವನು ದಿನಚರಿ ಬರೆಯುತ್ತಿದ್ದ. 1597ರ ಜನವರಿ 24ರಂದು ಸೂರ್ಯನ ಅಂಚು ಕಂಡಿತು ಎಂದು ಅದರಲ್ಲಿದೆ. ಲೆಕ್ಕದ ಪ್ರಕಾರ ಇನ್ನೂ ಸುಮಾರು ಎರಡು ವಾರ ಸೂರ್ಯ ಕಾಣುವಂತೆಯೇ ಇರಲಿಲ್ಲ. ಇವರು ಕತ್ತಲಲ್ಲಿ ದಿನದ ಲೆಕ್ಕ ತಪ್ಪಿದ್ದಾರೆ ಎಂದು ವಿದ್ವಾಂಸರು ಆಡಿಕೊಂಡರು. ಬಹುಕಾಲದ ನಂತರ ವಿಜ್ಞಾನವೇ ಅವನ ಪರವಾಗಿ ಸಾಕ್ಷಿ ಹೇಳಿತು. ತಣ್ಣನೆಯ ಗಾಳಿಯ ಪದರಗಳು ಬೆಳಕನ್ನು ಬಗ್ಗಿಸಿ, ದಿಗಂತದ ಕೆಳಗಿರುವ ಸೂರ್ಯನನ್ನು ಮೇಲೆತ್ತಿ ತೋರಿಸುತ್ತವೆ. ಈ ವಿದ್ಯಮಾನಕ್ಕೆ ಇಂದು ಆ ದ್ವೀಪದ ಹೆಸರೇ ಇದೆ. ‘ಹೀಗಿರಲು ಸಾಧ್ಯವಿಲ್ಲ’ ಎಂದು ಡಿ ವೀರ್ ಆ ದಿನದ ಸಾಲನ್ನು ಅಳಿಸಿಬಿಟ್ಟಿದ್ದರೆ?

ಗೌರಿಬಿದನೂರಿನ ಓದುಗರಿಗೆ ಇಲ್ಲಿ ಒಂದು ಮಾತು. ಶೀತಲ ಸಮರದ ಕಾಲದಲ್ಲಿ ಸೋವಿಯತ್ ಒಕ್ಕೂಟ ಅಣುಬಾಂಬು ಪರೀಕ್ಷೆ ನಡೆಸುತ್ತಿದ್ದ ಸ್ಥಳಗಳಲ್ಲಿ ಇದೇ ನೊವಾಯಾ ಜೆಮ್ಲ್ಯಾ ಒಂದು. ಅಲ್ಲಿನ ಕೊನೆಯ ಪರೀಕ್ಷೆ ನಡೆದದ್ದು 1990ರಲ್ಲಿ. ನಿಮ್ಮ ಊರಿನ ಬಳಿ ಬ್ರಿಟನ್ನಿನ ಸಹಕಾರದೊಂದಿಗೆ 1965ರಲ್ಲಿ ಸ್ಥಾಪನೆಯಾದ, ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪ ಮಾಪನ ಕೇಂದ್ರವಿದೆಯಲ್ಲ? ಆ ಸ್ಫೋಟಗಳ ಕಂಪನ ಭೂಮಿಯ ಒಡಲಲ್ಲಿ ಆರೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹಾದು, ಸುಮಾರು ಹತ್ತು ನಿಮಿಷದಲ್ಲಿ ಗೌರಿಬಿದನೂರಿನ ಉಪಕರಣಗಳಲ್ಲಿ ಗೀಟಾಗಿ ಮೂಡುತ್ತಿತ್ತು. ಬ್ಯಾರೆಂಟ್ಸ್ ಗುಡಿಸಲು ಕಟ್ಟಿದ ನೆಲದ ನಡುಕವನ್ನು ನಮ್ಮ ಬಂಡೆಗಳು ಬರೆದಿಟ್ಟುಕೊಂಡಿವೆ.

ಕೇಳಿದವರು, ಕೇಳದವರು

1845ರಲ್ಲಿ ಸರ್ ಜಾನ್ ಫ್ರಾಂಕ್ಲಿನ್ ಕೆನಡಾದ ಉತ್ತರದ ದಾರಿ ಹುಡುಕಲು ಎರಡು ಹಡಗುಗಳೊಂದಿಗೆ ಹೊರಟ. ಅಲ್ಲಿಂದ ಮುಂದೆ ಹೋದ 129 ಮಂದಿಯಲ್ಲಿ ಒಬ್ಬರೂ ಹಿಂತಿರುಗಲಿಲ್ಲ. ಹಸಿವಿನಿಂದ ಸತ್ತ ಬಿಳಿಯರನ್ನು ಕಂಡವರಿದ್ದಾರೆ ಎಂದು ಅಲ್ಲಿನ ಮೂಲನಿವಾಸಿ ಇನುಯಿಟ್ ಜನ ಜಾನ್ ರೇ ಎಂಬ ವೈದ್ಯನಿಗೆ ತಿಳಿಸಿದರು. 1854ರಲ್ಲಿ ಅವನು ಆ ಸುದ್ದಿ ತಂದಾಗ ಲಂಡನ್ನಿನ ದೊಡ್ಡವರು ‘ಕಾಡುಜನರ ಮಾತು’ ಎಂದು ತಳ್ಳಿಹಾಕಿದರು. 1859ರಲ್ಲಿ ಕಲ್ಲುಗುಪ್ಪೆಯೊಂದರಲ್ಲಿ ಒಂದು ಹಾಳೆ ಸಿಕ್ಕಿತು. ಅಷ್ಟು ದೊಡ್ಡ ತಂಡದ ಅಂತ್ಯದ ಬಗ್ಗೆ ಸಿಕ್ಕ ಮುಖ್ಯ ಬರಹ ಅದೊಂದೇ. ಮುಳುಗಿದ ಹಡಗುಗಳು ಪತ್ತೆಯಾದದ್ದು 2014 ಮತ್ತು 2016ರಲ್ಲಿ, ಇನುಯಿಟ್ ಜನರ ಮಾತನ್ನು ನಂಬಿ ಹುಡುಕಿದ ಮೇಲೆ.

ನಾರ್ವೆಯ ರೋಆಲ್ಡ್ ಅಮುಂಡ್ಸನ್ ಬೇರೆ ಬಗೆಯ ಮನುಷ್ಯ. 1903ರಿಂದ 1906ರವರೆಗಿನ ಯಾತ್ರೆಯಲ್ಲಿ ಅವನು ಎರಡು ಚಳಿಗಾಲ ಇನುಯಿಟ್ ಜನರ ನೆರೆಯಲ್ಲಿ ಕಳೆದ. ತುಪ್ಪಳದ ಉಡುಪನ್ನು ಹೇಗೆ ಸಡಿಲವಾಗಿ ತೊಡಬೇಕು, ನಾಯಿಗಳನ್ನು ಹೇಗೆ ಓಡಿಸಬೇಕು ಎಂದು ಶಿಷ್ಯನಂತೆ ಕಲಿತ. ಫ್ರಾಂಕ್ಲಿನ್‌ಗೆ ಸಿಗದ ಆ ಜಲಮಾರ್ಗವನ್ನು ಆರು ಮಂದಿ ಸಂಗಡಿಗರೊಂದಿಗೆ ದಾಟಿದ. 1911ರ ಡಿಸೆಂಬರ್ 14ರಂದು ನಾಲ್ವರೊಡನೆ ದಕ್ಷಿಣ ಧ್ರುವ ಮುಟ್ಟಿ ಸುರಕ್ಷಿತವಾಗಿ ಹಿಂತಿರುಗಿದ.

ಉತ್ತರ ಧ್ರುವದ ಕಥೆಯಲ್ಲಿ ಇನ್ನೊಂದು ಪಾಠವಿದೆ. 1909ರ ಏಪ್ರಿಲ್ 6ರಂದು ಅಲ್ಲಿಗೆ ತಲುಪಿದೆ ಎಂದು ಅಮೆರಿಕದ ರಾಬರ್ಟ್ ಪಿಯರಿ ಘೋಷಿಸಿದ. ಜೊತೆಯಲ್ಲಿದ್ದವರು ಕಪ್ಪು ಜನಾಂಗದ ಮ್ಯಾಥ್ಯೂ ಹೆನ್ಸನ್ ಮತ್ತು ಊಟಾ, ಸೀಗ್ಲೂ, ಎಗಿಂಗ್ವಾ, ಊಕೇಆ ಎಂಬ ನಾಲ್ವರು ಇನುಯಿಟ್ ಜನ. ಪದಕಗಳೆಲ್ಲ ಪಿಯರಿಗೆ ಸಂದವು. ಇನುಯಿಟ್ ಭಾಷೆ ಬಲ್ಲ, ಜಾರುಬಂಡಿ ಕಟ್ಟಬಲ್ಲ ಹೆನ್ಸನ್ ನ್ಯೂಯಾರ್ಕಿನ ಕಸ್ಟಮ್ಸ್ ಕಚೇರಿಯಲ್ಲಿ ಗುಮಾಸ್ತನಾಗಿ ದುಡಿದು 1955ರಲ್ಲಿ ತೀರಿಕೊಂಡ. 1988ರಲ್ಲಷ್ಟೇ ಅವನ ಅವಶೇಷಗಳನ್ನು ತಂದು ಅಮೆರಿಕದ ರಾಷ್ಟ್ರೀಯ ಸ್ಮಶಾನದಲ್ಲಿ ಗೌರವದಿಂದ ಸಮಾಧಿ ಮಾಡಲಾಯಿತು. ಇತ್ತ ಪಿಯರಿ ನಿಜವಾಗಿ ಧ್ರುವ ಮುಟ್ಟಿದನೇ ಎಂಬ ಅನುಮಾನ ಇಂದಿಗೂ ತೀರಿಲ್ಲ. ಕೊನೆಯ ದಿನಗಳ ಅಳತೆಯನ್ನು ಅವನು ಸರಿಯಾಗಿ ಬರೆದಿಡದೇ ಹೋದದ್ದೇ ಇದಕ್ಕೆ ಮುಖ್ಯ ಕಾರಣ.

ಖಾನ್ ಸಾಹೇಬ್ ಮತ್ತು ಅವನ ಸಂಗಡಿಗರು

ಈಗ ಹೇಸರಗತ್ತೆಗಳ ಕಥೆಗೆ ಬರೋಣ. ಸ್ಕಾಟ್‌ನ ತಂಡಕ್ಕೆ ಭಾರತದ ಸಂಬಂಧ ಗಟ್ಟಿಯಾಗಿಯೇ ಇತ್ತು. ಹೆನ್ರಿ ಬವರ್ಸ್ ‘ರಾಯಲ್ ಇಂಡಿಯನ್ ಮರೈನ್’ ನೌಕಾದಳದ ಅಧಿಕಾರಿ. ಲಾರೆನ್ಸ್ ಓಟ್ಸ್ ಮಧ್ಯಭಾರತದ ಮ್ಹೋವ್ ದಂಡಿನಲ್ಲಿದ್ದ ಕುದುರೆ ಸವಾರ. ಹವಾಮಾನ ತಜ್ಞ ಜಾರ್ಜ್ ಸಿಂಪ್ಸನ್ ಶಿಮ್ಲಾದಲ್ಲಿದ್ದ ಭಾರತೀಯ ಹವಾಮಾನ ಇಲಾಖೆಯಿಂದ ಬಂದವನು. ತಂಡದ ಮಂಚೂರಿಯಾ ಕುದುರೆಗಳು ಹಿಮದಲ್ಲಿ ಹೂತು ಸೋತಾಗ, ಓಟ್ಸ್‌ನ ಸಲಹೆಯಂತೆ ಭಾರತದ ಸೇನೆಯಿಂದ ಹೇಸರಗತ್ತೆಗಳನ್ನು ತರಿಸಲಾಯಿತು. ಅವುಗಳಿಗೆ ಹಿಮದಲ್ಲಿ ಹೂಳದಂಥ ಪಾದರಕ್ಷೆ, ಬಿಳುಪಿನಿಂದ ಕಣ್ಣು ಕುರುಡಾಗದಂತೆ ಬಣ್ಣದ ಕನ್ನಡಕ ಕೂಡ ಇತ್ತು! ಮೇವನ್ನು ಬಿಟ್ಟು ಹಗ್ಗ, ಚಹಾ ಸೊಪ್ಪು ಅಗಿಯುತ್ತಿದ್ದವಂತೆ.

ನಮ್ಮಲ್ಲಿ ಹಿರಿಯರನ್ನು ಗೌರವದಿಂದ ಕರೆಯುವ ಹೆಸರನ್ನು ಕತ್ತೆಗೆ ಇಟ್ಟರಲ್ಲ ಎಂದು ನಗಬೇಕೋ ಬೇಸರಪಡಬೇಕೋ ನೀವೇ ಹೇಳಿ. ಯಾತ್ರೆಯ ಪ್ರಸಿದ್ಧ ವೃತ್ತಾಂತಗಳಲ್ಲಿ ಅವುಗಳನ್ನು ಪಳಗಿಸಿದ ಬ್ರಿಟಿಷ್ ಅಧಿಕಾರಿಯ ಹೆಸರಿದೆ, ಏಳು ಪ್ರಾಣಿಗಳ ಹೆಸರೂ ಇದೆ. ನಿತ್ಯ ಹುಲ್ಲು ಹಾಕಿ, ಮೈ ಉಜ್ಜಿ, ಗೊರಸು ನೋಡುತ್ತಿದ್ದ ಭಾರತೀಯ ಸಿಪಾಯಿಗಳ ಹೆಸರನ್ನು ಅಲ್ಲಿ ಯಾರೂ ಬರೆಯಲಿಲ್ಲ.

ಅವು 1912ರ ಆರಂಭದಲ್ಲಿ ಅಂಟಾರ್ಕ್ಟಿಕಾ ತಲುಪುವ ಹೊತ್ತಿಗೆ ಸ್ಕಾಟ್ ದಕ್ಷಿಣಕ್ಕೆ ಹೊರಟುಹೋಗಿದ್ದ. ಸ್ಕಾಟ್, ವಿಲ್ಸನ್, ಬವರ್ಸ್, ಓಟ್ಸ್, ಎಡ್ಗರ್ ಇವಾನ್ಸ್ ಎಂಬ ಐವರು ಜಾರುಬಂಡಿಯನ್ನು ತಾವೇ ಎಳೆದುಕೊಂಡು 1912ರ ಜನವರಿ 17ರಂದು ಧ್ರುವ ಮುಟ್ಟಿದರು. ಅಲ್ಲಿ ನಾರ್ವೆಯ ಬಾವುಟ ಆಗಲೇ ಹಾರುತ್ತಿತ್ತು. ಹಿಂತಿರುಗುವಾಗ ಮೊದಲು ಇವಾನ್ಸ್ ಸತ್ತ. ಮಾರ್ಚ್ ಮಧ್ಯದಲ್ಲಿ, ನಡೆಯಲಾರದ ಓಟ್ಸ್ ತನ್ನಿಂದ ಉಳಿದವರಿಗೆ ತಡವಾಗುವುದು ಬೇಡವೆಂದು ತಾನಾಗಿ ಹಿಮದ ಬಿರುಗಾಳಿಯೊಳಗೆ ನಡೆದುಹೋದ. ಉಳಿದ ಮೂವರು ಮಾರ್ಚ್ ಕೊನೆಯಲ್ಲಿ ಗುಡಾರದೊಳಗೆ ಪ್ರಾಣ ಬಿಟ್ಟರು. ಆಹಾರದ ದಾಸ್ತಾನು ಅಲ್ಲಿಂದ ಸುಮಾರು 18 ಕಿಲೋಮೀಟರ್ ದೂರವಷ್ಟೇ. ಹೆಚ್ಚುಕಡಿಮೆ ನಂದಿಬೆಟ್ಟದ ತಪ್ಪಲಿನಿಂದ ಶಿಡ್ಲಘಟ್ಟದ ಕಡೆಗೆ ನಡೆಯುವಷ್ಟು ದಾರಿ!

ಅದೇ ವರ್ಷದ ನವೆಂಬರ್ 12ರಂದು ಆ ಗುಡಾರವನ್ನು ಪತ್ತೆ ಮಾಡಿದ ತಂಡದ ಸಾಮಾನು ಎಳೆದದ್ದು ನಮ್ಮ ಹೇಸರಗತ್ತೆಗಳು. ಒಳಗೆ ದೇಹಗಳ ಜೊತೆ ಸ್ಕಾಟ್‌ನ ದಿನಚರಿ ಮತ್ತು ಪತ್ರಗಳಿದ್ದವು. ಬವರ್ಸ್ ಮಾರ್ಚ್ ತಿಂಗಳವರೆಗೂ ಬಿಡದೆ ಬರೆದ ಉಷ್ಣತೆಯ ಪುಸ್ತಕವಿತ್ತು. ಜಾರುಬಂಡಿಯ ಮೇಲೆ ಸುಮಾರು 16 ಕಿಲೋ ಕಲ್ಲುಗಳಿದ್ದವು. ಸಾಯುವ ಸ್ಥಿತಿಯಲ್ಲೂ ಅವರು ಆ ಭಾರವನ್ನು ಬಿಸಾಡಿರಲಿಲ್ಲ.

ಕಲ್ಲು ಹೇಳಿದ ಕಥೆ, ಪುಸ್ತಕ ಹೇಳಿದ ಕಥೆ

ಆ ಕಲ್ಲುಗಳಲ್ಲಿ ಏನಿತ್ತು? ಎಲೆಯ ಅಚ್ಚು. 1914ರಲ್ಲಿ ಸಸ್ಯಶಾಸ್ತ್ರಜ್ಞ ಸೀವರ್ಡ್ ಅದನ್ನು ‘ಗ್ಲಾಸಾಪ್ಟೆರಿಸ್ ಇಂಡಿಕಾ’ ಎಂದು ಗುರುತಿಸಿದ. ಹೆಸರಿನಲ್ಲೇ ಭಾರತವಿದೆ, ನೋಡಿ. ಕೋಟ್ಯಂತರ ವರ್ಷಗಳ ಹಿಂದೆ ಅಳಿದ ಈ ಮರದ ಎಲೆಗಳು ಭಾರತದ ಕಲ್ಲಿದ್ದಲು ಪದರಗಳಲ್ಲಿ ಹೇರಳವಾಗಿ ಸಿಗುತ್ತವೆ. ರಾಯಚೂರಿನ ಶಾಖೋತ್ಪನ್ನ ಕೇಂದ್ರಕ್ಕೆ ಬರುವ ಸಿಂಗರೇಣಿ ಕಲ್ಲಿದ್ದಲು ಆ ಕಾಲದ ಕಾಡುಗಳಿಂದಲೇ ಆದದ್ದು. ಹಿಮದ ಖಂಡದಲ್ಲಿ ಒಮ್ಮೆ ಕಾಡಿತ್ತು, ಅದು ಭಾರತಕ್ಕೆ ಅಂಟಿಕೊಂಡಿತ್ತು ಎಂಬುದಕ್ಕೆ ಆ ಕಲ್ಲುಗಳು ಸಾಕ್ಷಿಯಾದವು. ಆ ಕೂಡುಖಂಡದ ಹೆಸರು ಗೊಂಡ್ವಾನಾ. ನಮ್ಮ ಮಧ್ಯಭಾರತದ ಗೊಂಡರ ನಾಡಿನಿಂದ ಬಂದ ಹೆಸರು.

ಇನ್ನು ಉಷ್ಣತೆಯ ಪುಸ್ತಕ. 1912ರ ಆರಂಭದಲ್ಲಿ ಭಾರತಕ್ಕೆ ಮರಳಿದ ಸಿಂಪ್ಸನ್ ಯಾತ್ರೆಯ ಹವಾಮಾನ ದಾಖಲೆಗಳನ್ನು ವಿಶ್ಲೇಷಿಸಿದ. ಆ ಗ್ರಂಥ 1919ರಲ್ಲಿ ಪ್ರಕಟವಾದದ್ದು ಲಂಡನ್ನಿನಲ್ಲಲ್ಲ, ನಮ್ಮ ಕಲ್ಕತ್ತೆಯಲ್ಲಿ. ಮುಂಗಾರಿನ ಗುಟ್ಟನ್ನು ದೂರದ ಸಾಗರಗಳ ಗಾಳಿಯ ಒತ್ತಡದಲ್ಲಿ ಹುಡುಕುತ್ತಿದ್ದ ಗಿಲ್ಬರ್ಟ್ ವಾಕರ್ ಆ ಕಾಲದಲ್ಲಿ ಭಾರತೀಯ ಹವಾಮಾನ ಇಲಾಖೆಯ ಮುಖ್ಯಸ್ಥ. ಒಂದು ಕಡೆಯ ಮಳೆಯನ್ನು ಅರಿಯಲು ಇಡೀ ಭೂಮಿಯ ಹವೆಯನ್ನು ಅರಿಯಬೇಕು ಎಂಬ ವಿಚಾರ ಬಲಗೊಂಡದ್ದು ಇಂಥವರಿಂದ. ಎಲ್ ನಿನೋ ವರ್ಷ ಬಂದಾಗ ನಮ್ಮ ರೈತರು ಆತಂಕದಿಂದ ಆಕಾಶ ನೋಡುತ್ತಾರಲ್ಲ, ಆ ತಿಳಿವಳಿಕೆಯ ಬೇರು ಇಲ್ಲಿದೆ.

ಸ್ಕಾಟ್ ಸತ್ತು ಸುಮಾರು ತೊಂಬತ್ತು ವರ್ಷಗಳ ನಂತರ, 2001ರಲ್ಲಿ, ಸೂಸನ್ ಸಾಲೊಮನ್ ಎಂಬ ವಿಜ್ಞಾನಿ ಅದೇ ಅಂಕಿಗಳನ್ನು ಇತ್ತೀಚಿನ ಅಳತೆಗಳ ಜೊತೆ ಹೋಲಿಸಿ, 1912ರ ಮಾರ್ಚ್ ಅಲ್ಲಿ ಅಸಾಧಾರಣ ಚಳಿಯ ತಿಂಗಳಾಗಿತ್ತು ಎಂದು ತೋರಿಸಿಕೊಟ್ಟರು. ಸ್ಕಾಟ್‌ನ ತಪ್ಪುಗಳು ಇದರಿಂದ ಅಳಿಸಿಹೋಗುವುದಿಲ್ಲ. ಆದರೆ ಅವನನ್ನು ನ್ಯಾಯವಾಗಿ ಅಳೆಯಲು ನಮಗೆ ಸಾಧ್ಯವಾದದ್ದು ಬವರ್ಸ್ ಹೆಪ್ಪುಗಟ್ಟಿದ ಬೆರಳುಗಳಿಂದ ಬರೆದ ಅಂಕಿಗಳಿಂದ.

ಇಲಾಹಾಬಾದಿನ ಹುಡುಗ

ದಕ್ಷಿಣದ ಹಿಮಖಂಡವನ್ನು ಯಾರೂ ಯುದ್ಧಕ್ಕೆ ಬಳಸಬಾರದು, ಅಲ್ಲಿ ವಿಜ್ಞಾನಕ್ಕೆ ಮುಕ್ತ ಅವಕಾಶವಿರಬೇಕು ಎಂದು 1959ರಲ್ಲಿ 12 ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ಅಂಟಾರ್ಕ್ಟಿಕಾದ ವಿಷಯವನ್ನು 1956ರಲ್ಲೇ ವಿಶ್ವಸಂಸ್ಥೆಯಲ್ಲಿ ಎತ್ತಿದ್ದ ಭಾರತ ಆ ಪಟ್ಟಿಯಲ್ಲಿರಲಿಲ್ಲ. ನಮ್ಮದೇ ತಂಡ ಹೊರಟದ್ದು 1981ರ ಡಿಸೆಂಬರ್ 6ರಂದು, ಗೋವಾದಿಂದ, ನಾರ್ವೆಯಿಂದ ಬಾಡಿಗೆಗೆ ಪಡೆದ ‘ಪೋಲಾರ್ ಸರ್ಕಲ್’ ಹಡಗಿನಲ್ಲಿ. 1982ರ ಜನವರಿ 9ರಂದು 21 ಭಾರತೀಯರ ತಂಡ ಅಂಟಾರ್ಕ್ಟಿಕಾದ ಮೇಲೆ ಕಾಲಿಟ್ಟಿತು. ಅದರ ನಾಯಕ ಡಾ. ಸೈಯದ್ ಜಹೂರ್ ಖಾಸಿಂ.

1926ರಲ್ಲಿ ಇಲಾಹಾಬಾದಿನಲ್ಲಿ ಹುಟ್ಟಿದ ಖಾಸಿಂ ಅವರು ಓದಿದ್ದು ಅಲ್ಲಿನ ಮಜೀದಿಯಾ ಇಸ್ಲಾಮಿಯಾ ಕಾಲೇಜಿನಲ್ಲಿ, ನಂತರ ಅಲಿಗಢದಲ್ಲಿ. ಮೀನುಗಳ ಜೀವನ ಅವರ ಅಧ್ಯಯನದ ವಿಷಯ. ವೇಲ್ಸ್‌ನಲ್ಲಿ ಡಾಕ್ಟರೇಟ್ ಪಡೆದು ಬಂದು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು, ಮುಂದೆ ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಕುಲಪತಿಗಳಾದರು. 1982ರಲ್ಲಿ ಪದ್ಮಭೂಷಣ ಪಡೆದ ಅವರು 2015ರಲ್ಲಿ ನಿಧನರಾದರು. ಎಪ್ಪತ್ತು ವರ್ಷಗಳ ಹಿಂದೆ ‘ಖಾನ್ ಸಾಹೇಬ್’ ಎಂಬ ಹೆಸರು ಅಲ್ಲಿಗೆ ಹೋದದ್ದು ಭಾರ ಎಳೆಯುವ ಪ್ರಾಣಿಯ ಮೇಲೆ. ಈ ಬಾರಿ ಖಾಸಿಂ ಸಾಹೇಬರು ದೇಶದ ತಂಡದ ನಾಯಕರಾಗಿ ಹೋದರು. ನಡುವೆ ಇದ್ದದ್ದು ವಿದ್ಯೆ.

ನಂತರದ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. 1983ರಲ್ಲಿ ಭಾರತ ಅಂಟಾರ್ಕ್ಟಿಕ್ ಒಪ್ಪಂದ ಸೇರಿತು. ಅದೇ ವರ್ಷ ಹೊರಟ ತಂಡದಲ್ಲಿ ಅದಿತಿ ಪಂತ್ ಮತ್ತು ಸುದೀಪ್ತಾ ಸೇನ್‌ಗುಪ್ತಾ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳಿದ್ದರು. ಮೊದಲ ನೆಲೆ ‘ದಕ್ಷಿಣ ಗಂಗೋತ್ರಿ’ ಹಿಮದಲ್ಲಿ ಹೂತುಹೋಯಿತು. ‘ಮೈತ್ರಿ’ ಮತ್ತು 2012ರಲ್ಲಿ ಆರಂಭವಾದ ‘ಭಾರತಿ’ ಬಂಡೆಯ ಮೇಲೆ ನಿಂತಿವೆ. ಉತ್ತರ ಧ್ರುವದ ಕಡೆ 2008ರಿಂದ ‘ಹಿಮಾದ್ರಿ’ ಇದೆ. ಇಸ್ರೋದ ಮಂಗಳಾ ಮಣಿ ಎಂಬ ಮಹಿಳೆ 2016–17ರಲ್ಲಿ ತಮ್ಮ ಐವತ್ತಾರನೇ ವಯಸ್ಸಿನಲ್ಲಿ 403 ದಿನ ಭಾರತಿಯಲ್ಲಿದ್ದು ಉಪಗ್ರಹಗಳ ಮಾಹಿತಿ ಪಡೆಯುವ ಕೆಲಸ ಮಾಡಿ ಬಂದರು. ನಮ್ಮ ಹೆಣ್ಣುಮಕ್ಕಳು ಈ ಹೆಸರನ್ನು ನೆನಪಿಡಬೇಕು.

ನಮ್ಮ ಮನೆಯ ಥರ್ಮಾಮೀಟರ್

ಇಷ್ಟೆಲ್ಲಾ ಓದಿ, ‘ನಾವು ಧ್ರುವಕ್ಕೆ ಹೋಗಲಾದೀತೇ?’ ಎಂದು ನೀವು ಕೇಳಬಹುದು. ಎಲ್ಲರೂ ಹೋಗಬೇಕಾಗಿಲ್ಲ. ಶಿಡ್ಲಘಟ್ಟದ ಸುತ್ತ ರೇಷ್ಮೆಹುಳು ಸಾಕುವ ಮನೆಗಳಲ್ಲಿ ಒಣ ಮತ್ತು ತೇವ ಬಲ್ಬಿನ ಥರ್ಮಾಮೀಟರ್ ತೂಗುಹಾಕಿರುವುದನ್ನು ನೋಡಿರುತ್ತೀರಿ. ಚಾಕಿ ಹುಳುವಿಗೆ 27–28 ಡಿಗ್ರಿ ಶಾಖ ಬೇಕು, ದೊಡ್ಡ ಹುಳುವಿಗೆ 24–25 ಡಿಗ್ರಿ ಸಾಕು. ಜ್ವರಕ್ಕೆ ಕೂತ ಹುಳುವಿನ ಹೊತ್ತಿನಲ್ಲಿ ಹವೆ ಏರುಪೇರಾದರೆ ಇಡೀ ಬೆಳೆ ಕೈತಪ್ಪಬಹುದು. ನಮ್ಮ ತಾಯಂದಿರು ಬೆಳಿಗ್ಗೆ ಸಂಜೆ ಆ ಪಾದರಸದ ಗೆರೆ ನೋಡಿ ಕಿಟಕಿ ತೆರೆಯುತ್ತಾರೆ, ಗೋಣಿತಾಟು ನೆನೆಸುತ್ತಾರೆ. ಬವರ್ಸ್ ಮಾಡುತ್ತಿದ್ದದ್ದೂ ಇದೇ ಕೆಲಸ. ಒಂದೇ ವ್ಯತ್ಯಾಸ, ಅವನು ನೋಡಿದ್ದನ್ನು ಬರೆದಿಟ್ಟ.

ನಮ್ಮ ಜಿಲ್ಲೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿ ವರ್ಷದ ಬಹುಕಾಲ ಮರಳಾಗಿಯೇ ಇರುತ್ತದೆ. ಯಾವ ವರ್ಷ ಯಾವ ಕೆರೆ ಕೋಡಿ ಬಿತ್ತು, ಯಾವ ಬಾವಿ ಯಾವಾಗ ಬತ್ತಿತು, ಮೊದಲ ಬೋರ್‌ವೆಲ್‌ಗೆ ಎಷ್ಟು ಅಡಿಗೆ ನೀರು ಬಂತು ಎಂಬುದು ನಮ್ಮ ಅಜ್ಜ, ದಾದಿಯರ ನೆನಪಿನಲ್ಲಿದೆ. ಅದನ್ನು ಬರೆದುಕೊಳ್ಳದಿದ್ದರೆ ಅವರೊಂದಿಗೇ ಹೋಗಿಬಿಡುತ್ತದೆ. ಲಂಡನ್ನಿನವರು ಇನುಯಿಟ್ ಹಿರಿಯರ ಮಾತನ್ನು ತಳ್ಳಿಹಾಕಿ ನೂರೈವತ್ತು ವರ್ಷ ಹಡಗು ಹುಡುಕಿದಂತೆ ನಮ್ಮ ಮಕ್ಕಳೂ ಹುಡುಕಬೇಕಾದೀತು.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದಿನದ ಉಷ್ಣತೆ, ಬಿದ್ದ ಮಳೆ, ನಿಮ್ಮೂರಿನ ಕೆರೆಯ ನೀರಿನ ಮಟ್ಟ ಬರೆಯಿರಿ. ಲೆಕ್ಕಕ್ಕೆ ಹೊಂದದ ಅಂಕಿ ಬಂದರೆ ಅದನ್ನೂ ಹಾಗೆಯೇ ಬರೆಯಿರಿ. ಯಾರು ಹೇಳಿದರು, ಯಾರು ಜೊತೆಗಿದ್ದರು ಎಂಬುದನ್ನು ಹೆಸರು ಸಮೇತ ಬರೆಯಿರಿ. ಧ್ರುವದಲ್ಲಿ ನೆಟ್ಟ ಬಾವುಟಗಳು ಹಿಮದಡಿ ಹೂತುಹೋಗಿವೆ. ಹೆಪ್ಪುಗಟ್ಟಿದ ಗುಡಾರದಲ್ಲಿದ್ದ ಪುಸ್ತಕಗಳನ್ನು ಮಾತ್ರ ನಾವು ಇಂದಿಗೂ ಓದುತ್ತಿದ್ದೇವೆ.